ಎಂಟು ಸೀರೆ, ಒಂದೇ ಡಿಸೈನು

ಆಷಾಢ ಬಂತು ಅಂದ್ರೆ ನಮ್ಮ ಬನಶಂಕರಿಯ ಲೇಡೀಸ್ ವಾಟ್ಸಾಪ್ ಗ್ರೂಪಿಗೆ ಎಲ್ಲಿಲ್ಲದ ಜೀವ ಬರುತ್ತದೆ. ಮದುವೆ, ಗೃಹಪ್ರವೇಶ ಏನೂ ಇಲ್ಲದ ತಿಂಗಳು. ಸುಮ್ನೆ ನೊಣ ಹೊಡೆಯುತ್ತಾ ಕೂರೋ ಬದಲು ಸೀರೆ ಅಂಗಡಿಯವರು ಊರೆಲ್ಲ ಆಷಾಢ ಸೇಲ್ ಬೋರ್ಡು ಹಾಕಿರುತ್ತಾರೆ. ನಮಗೋ, ಶ್ರಾವಣದ ವರಮಹಾಲಕ್ಷ್ಮಿ ಹಬ್ಬ ಕಣ್ಣೆದುರಿಗೇ ಇರುತ್ತದೆ. ಈ ಸಲ ಗ್ರೂಪಿಗೆ ಒಂದು ಪೋಸ್ಟರ್ ಬಂತು. ಶನಿವಾರ ಬೆಳಗ್ಗೆ 6.30ಕ್ಕೆ ಬಸ್ಸು, ದೊಡ್ಡಬಳ್ಳಾಪುರದ ಮಗ್ಗದ ಮನೆಯಿಂದ ನೇರ ಸೀರೆ, ಆಮೇಲೆ ಚಿಕ್ಕಪೇಟೆ ಹೋಲ್‌ಸೇಲ್, ತಿಂಡಿ ಊಟ ಸೇರಿ ತಲೆಗೆ 850 ರೂಪಾಯಿ. ಕೆಳಗೆ ಕೆಂಪಕ್ಷರದಲ್ಲಿ 'ಗುಂಪಲ್ಲಿ ಬನ್ನಿ, ಅರ್ಧ ಬೆಲೆಗೆ ಕೊಳ್ಳಿ'.

ನಾನು ನೋಡಿ ಸುಮ್ಮನಾದೆ. ನಮ್ಮತ್ತೆ ಸುಮ್ಮನಾಗಲಿಲ್ಲ. ಸಂಜೆ ಕಾಫಿ ಕೊಡೋಕೆ ಹೋದರೆ, "ನಿಂದೂ ನಂದೂ ಸೇರಿ 1,700 ಕಳಿಸಿದೀನಿ ಕಣೇ, ಕಿಟಕಿ ಪಕ್ಕದ ಸೀಟು ಹೇಳಿದೀನಿ" ಅಂದರು. 72 ವರ್ಷದವರಿಗೆ ಗೂಗಲ್ ಪೇ ಹೇಳಿಕೊಟ್ಟ ತಪ್ಪು ನನ್ನದೇ.

ಬಸ್ಸು ಅಂದಿದ್ದು ಬಸ್ಸಲ್ಲ, ಟಿಟಿ, ಅಂದ್ರೆ ಟೆಂಪೋ ಟ್ರಾವೆಲರ್. 17 ಸೀಟು. ನಾವು 17 ಜನ ಕೂತ ಮೇಲೆ ಟೂರ್ ಆಂಟಿ (ಈ ಟೂರ್ ಹೊರಡಿಸಿದ್ದು ಅವರೇ, ಇಡೀ ಏರಿಯಾ ಅವರನ್ನು ಕರೆಯೋದೇ ಹಾಗೆ) ಒಂದು ಪ್ಲಾಸ್ಟಿಕ್ ಸ್ಟೂಲ್ ತಂದು ಬಾಗಿಲ ಹತ್ತಿರ ಹಾಕಿಕೊಂಡರು. ಹದಿನಾರು ಹೆಂಗಸರು, ಒಬ್ಬರೇ ಗಂಡಸು. ಅವರು ಹಿಂದಿನ ಬೀದಿಯ ಟೀಚರ್ ಮೇಡಂ ಅವರ ಯಜಮಾನರು, ಬ್ಯಾಂಕಿನಿಂದ ರಿಟೈರ್ ಆದವರು, ಬ್ಯಾಗು ಹಿಡಿಯೋಕೆ ಅಂತ ಬಂದಿದ್ದರು. ಹೆಬ್ಬಾಳ ದಾಟುವ ಮುಂಚೆಯೇ ನಿದ್ದೆ ಹೋದರು. ಆ ದಿನ ಬಸ್ಸಿನಲ್ಲಿ ಬುದ್ಧಿವಂತರು ಅಂತ ಇದ್ದರೆ ಅವರೊಬ್ಬರೇ.

ಯಲಹಂಕದ ಹತ್ತಿರ ಗಾಡಿ ನಿಲ್ಲಿಸಿ ತಿಂಡಿ. ಆಂಟಿ ಐದು ಗಂಟೆಗೇ ಎದ್ದು ಮಾಡಿದ ಪುಳಿಯೋಗರೆ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಇನ್ನೂ ಬಿಸಿ ಇತ್ತು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಮುಂದೆ ಆಂಟಿ ಬಗ್ಗೆ ಸ್ವಲ್ಪ ಆಡಿಕೊಳ್ಳೋದಿದೆ, ಆದರೆ ಆ ಪುಳಿಯೋಗರೆಗೆ ನಾನು ಏನೂ ಅನ್ನಲಾರೆ. ಆಮೇಲೆ ತಂಬೋಲ ಆಡಿಸಿದರು, ಬಹುಮಾನಕ್ಕೆ ಪ್ಲಾಸ್ಟಿಕ್ ಡಬ್ಬ. ರಾಜಾನುಕುಂಟೆ ಬರೋ ಹೊತ್ತಿಗೆ ಅತ್ತೆಯ ಮಡಿಲಲ್ಲಿ ಎರಡು ಡಬ್ಬ ಇದ್ದವು.

ದೊಡ್ಡಬಳ್ಳಾಪುರ ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. ಕೆಲವು ಬೀದಿಗಳಿಗೆ ಕಾಲಿಟ್ಟರೆ ಸಾಕು, ಮನೆ ಮನೆಯಿಂದ ಖಟ್ ಖಟ್ ಖಟ್ ಅಂತ ಪವರ್‌ಲೂಮಿನ ಸದ್ದು. ನಾವು ಹೋದ ಮನೆಯ ಮುಂದಿನ ಹಾಲಿನಲ್ಲಿ ಆರು ಮಗ್ಗ, ಹಿಂದೆ ಅಡುಗೆಮನೆ. ಮಗ್ಗದ ಮೇಲೆ ತೂತು ತೂತಿನ ರಟ್ಟುಗಳನ್ನು ಪೋಣಿಸಿ ಹಾರದ ಹಾಗೆ ಇಳಿಬಿಟ್ಟಿದ್ದರು. ತೂತು ಇದ್ದ ಕಡೆ ದಾರ ಮೇಲೇಳುತ್ತೆ, ಇಲ್ಲದ ಕಡೆ ಏಳಲ್ಲ, ಹಾಗೇ ನವಿಲು ಮೂಡುತ್ತೆ ಅಂತ ಒಬ್ಬ ಹುಡುಗ ತೋರಿಸಿದ, ಅದೂ ಕಿವಿ ಹತ್ತಿರ ಬಂದು ಕೂಗಿ. ಹಾಸುಹೊಕ್ಕು ಅನ್ನೋ ಪದ ಎಷ್ಟು ಸಲ ಬರೆದಿದ್ದೇನೋ ಏನೋ, ಹಾಸು ಯಾವುದು ಹೊಕ್ಕು ಯಾವುದು ಅಂತ ನಾನು ನೋಡಿದ್ದು ಅವತ್ತೇ. ಉದ್ದಕ್ಕೆ ಎಳೆದು ಕಟ್ಟಿದ್ದು ಹಾಸು, ಲಾಳಿ ಅಡ್ಡಡ್ಡ ಓಡಿಸೋದು ಹೊಕ್ಕು. ನಾನು ಅಲ್ಲೇ ನಿಂತುಬಿಟ್ಟೆ. ನವಿಲಿನ ಕತ್ತು ಮುಗಿದು ಕೊಕ್ಕು ಶುರುವಾಗೋವರೆಗೆ ನೋಡಿದೆ.

ಅಷ್ಟರಲ್ಲಿ ಒಳಗಿನ ರೂಮಿನಲ್ಲಿ ವ್ಯಾಪಾರ ಶುರುವಾಗಿತ್ತು. ಟೂರ್ ಆಂಟಿ ಬಸ್ಸಿನಲ್ಲಿ ಹೇಳಿಕೊಂಡು ಬಂದಿದ್ದು 'ಪ್ಯೂರ್ ರೇಷ್ಮೆ, ಅಂಗಡಿಯಲ್ಲಿ ಆರು ಸಾವಿರ, ಇಲ್ಲಿ ಎರಡು ಸಾವಿರದ ಒಳಗೆ'. ಮಗ್ಗದ ಮನೆಯವರು ಹೇಳಿದ ರೇಟು 1,400. ಹದಿನಾರು ಜನ ಒಟ್ಟಿಗೆ ಬಾಯಿ ಮಾಡಿ ಅದನ್ನು 1,150ಕ್ಕೆ ಇಳಿಸಿದರು. ಆಗ ಅತ್ತೆ ಮಧ್ಯೆ ಬಂದು ದೇವರ ಗೂಡಿನಲ್ಲಿದ್ದ ಬೆಂಕಿಪೊಟ್ಟಣ ಕೇಳಿದರು. ಸೀರೆಯ ತುದಿಯಿಂದ ಒಂದು ಎಳೆ ಕಿತ್ತು, ಅದನ್ನು ಮುರಿಗೆ ಮಾಡಿ, ಕಡ್ಡಿ ಗೀರಿ ಹಿಡಿದರು. ರೂಮು ಪೂರ್ತಿ ಗಪ್‌ಚುಪ್. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಉಜ್ಜಿದರೆ ಪುಡಿಯಾಗುತ್ತೆ. ಇದು ಮುದುಡಿತು, ಕರಗಿತು, ತುದಿಯಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಮಣಿ ನಿಂತಿತು. ಅತ್ತೆ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಎಲ್ಲರಿಗೂ ತೋರಿಸಿದರು, ಪ್ರಸಾದ ಹಂಚಿದ ಹಾಗೆ.

ಮಗ್ಗದ ಮನೆಯವರಿಗೆ ಬೇಜಾರೇ ಆಗಲಿಲ್ಲ. "ಅಮ್ಮಾ, ಇದು ಪಾಲಿಯೆಸ್ಟರ್ರೇ. ನಾನು ರೇಷ್ಮೆ ಅಂದ್ನಾ? ರೇಷ್ಮೆ ಈ ರೇಟಿಗೆ ನಮಗೇ ಬರಲ್ಲ" ಅಂದರು. ನಿಜ, ಅವರು ಅಂದಿರಲಿಲ್ಲ. ಎಲ್ಲರೂ ಟೂರ್ ಆಂಟಿಯ ಕಡೆ ನೋಡಿದೆವು. ಅವರು ಫೋನ್ ಬಂತು ಅಂತ ಹೊರಗೆ ಹೋದರು. ಅಸಲಿ ರೇಷ್ಮೆ ಬೇಕಿದ್ದರೆ ಸಿಲ್ಕ್ ಮಾರ್ಕ್ ಲೇಬಲ್ ನೋಡಿ ತಗೋಬೇಕು, 2004ರಿಂದ ಇದೆ ಅದು. ಅದರ ಹಿಂದೆ ಇರೋದು ಕೇಂದ್ರ ರೇಷ್ಮೆ ಮಂಡಳಿ, ಅಂದ್ರೆ ಯಾವ ಸಿಲ್ಕ್ ಬೋರ್ಡ್ ಹೆಸರಿನ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಮ್ಮ ಅರ್ಧ ಆಯಸ್ಸು ಕಳೆಯುತ್ತದೋ ಅದೇ ಸಿಲ್ಕ್ ಬೋರ್ಡ್.

ತಮಾಷೆ ಏನು ಗೊತ್ತಾ, ಮಣಿ ನೋಡಿದ ಮೇಲೂ ಹದಿಮೂರು ಸೀರೆ ಹೋದವು. "ಪಾಲಿ ಆದ್ರೇನು, ಒಗೆಯೋಕೆ ಸುಲಭ" ಅಂತ ಒಬ್ಬರು. "ನಮ್ಮ ನಾದಿನಿಗೆ ಇಷ್ಟು ಸಾಕು" ಅಂತ ಇನ್ನೊಬ್ಬರು. ಪಕ್ಕದವರು ಎರಡು ತಗೊಂಡರೆ ನಾವು ಬರಿಗೈಯಲ್ಲಿ ಬಸ್ಸು ಹತ್ತೋದು ಹೇಗೆ ಅನ್ನೋ ಸಂಕಟ ಇರುತ್ತೆ ನೋಡಿ, ಅದು ಯಾವ ಸೇಲ್ ಬೋರ್ಡಿಗಿಂತಲೂ ಜಾಸ್ತಿ ಕೆಲಸ ಮಾಡುತ್ತದೆ. ಗುಂಪಲ್ಲಿ ಹೋದರೆ ಚೌಕಾಸಿಗೆ ಬಲ ಬರುತ್ತೆ ಅಂದುಕೊಂಡಿದ್ದೆ. ಚೌಕಾಸಿಗೂ ಬಂತು, ಕೊಳ್ಳೋದಕ್ಕೆ ಅದರ ಎರಡರಷ್ಟು ಬಂತು. ಹೊರಡುವಾಗ ಮಗ್ಗದ ಮನೆಯವರು ಡೈರಿಯಲ್ಲಿ 'ಮೇಡಂ ಪಾರ್ಟಿ – 13' ಅಂತ ಬರೆದುಕೊಳ್ಳೋದು ಕಣ್ಣಿಗೆ ಬಿತ್ತು. ಆಂಟಿಗೆ ಒಂದಕ್ಕೆ ಎಷ್ಟು ಅಂತ ನಾನು ಕೇಳಲಿಲ್ಲ. ಆಂಟಿಯೂ ಬೆಳಗ್ಗೆ ಐದಕ್ಕೆ ಎದ್ದಿದ್ದಾರಲ್ಲ.

ಊಟ ದಾರಿಯಲ್ಲಿ, ಹೇಳಿಕೊಳ್ಳೋ ಹಾಗಿರಲಿಲ್ಲ.

ಚಿಕ್ಕಪೇಟೆ ಒಳಗೆ ಟಿಟಿ ಹೋಗೋದು ಕನಸಿನ ಮಾತು. ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ ಇಳಿಸಿದರು. ಆ ಬ್ಯಾಂಕು 2017ರಲ್ಲೇ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಗಿದೆ, ಸರ್ಕಲ್ ಹೆಸರು ಮಾತ್ರ ಜನರ ಬಾಯಲ್ಲಿ ಅಲ್ಲಾಡಿಲ್ಲ. ಅದೇ ವರ್ಷ ಚಿಕ್ಕಪೇಟೆಗೆ ಮೆಟ್ರೋನೂ ಬಂತು. ಬನಶಂಕರಿಯಿಂದ ಹಸಿರು ಲೈನಿನಲ್ಲಿ ಕೂತರೆ ನೇರ ಬಂದು ಇಳಿಯಬಹುದಾದ ಜಾಗಕ್ಕೆ ನಾವು ದೊಡ್ಡಬಳ್ಳಾಪುರ ಸುತ್ತಿ, 850 ಕೊಟ್ಟು ಬಂದಿದ್ದೆವು. ಇದನ್ನು ನಾನು ಜೋರಾಗಿ ಹೇಳಿದೆ. ಯಾರೂ ನಗಲಿಲ್ಲ.

ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕದ ಅಂಗಡಿಗಳನ್ನು ದಾಟಿಕೊಂಡು, ಒಬ್ಬರ ಸೆರಗು ಇನ್ನೊಬ್ಬರು ಹಿಡಿಯದಿದ್ದರೂ ಹೆಚ್ಚುಕಡಿಮೆ ಹಾಗೇ ಸಾಲಾಗಿ ನಡೆದೆವು. ಈ ರಸ್ತೆಯ ಹಳೇ ಹೆಸರು ದೊಡ್ಡಪೇಟೆ. ಅದೂ ಚಿಕ್ಕಪೇಟೆ ಬೀದಿಯೂ ಕೂಡುವ ಜಾಗದಿಂದಲೇ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೂ ಎತ್ತು ಕಟ್ಟಿ ನೇಗಿಲು ಹೊಡೆಸಿ ಊರಿಗೆ ಗುರುತು ಹಾಕಿಸಿದರು ಅಂತ ಕಥೆ. ಎತ್ತುಗಳು ಅವತ್ತು ಸಲೀಸಾಗಿ ಹೋಗಿರಬೇಕು. ನಮಗೆ ಆ ಜಾಗ ದಾಟೋಕೆ ಹತ್ತು ನಿಮಿಷ ಹಿಡಿಯಿತು. ಎದುರಿಗೆ ಬಟ್ಟೆ ಮೂಟೆ ಹೊತ್ತ ಕೈಗಾಡಿ, ಹಿಂದೆ ಹಾರ್ನ್ ಹೊಡೆಯೋ ಸ್ಕೂಟರ್, ಮೇಲಿಂದ ಆಷಾಢದ ಜಿಟಿಜಿಟಿ.

ಅಂಗಡಿ ಎರಡನೇ ಮಹಡಿಯಲ್ಲಿ. ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಹತ್ತಲಾಗದ ಮೆಟ್ಟಿಲು. ಮೇಲೆ ಬಿಳಿ ಬಟ್ಟೆ ಹಾಸಿದ ಗಾದಿ, ಚಪ್ಪಲಿ ಬಿಟ್ಟು ಕೂರಬೇಕು. ಕೂತ ತಕ್ಷಣ ಹುಡುಗರು ಸೀರೆ ಎಸೆಯಲು ಶುರು. ಬಿಚ್ಚೋದಲ್ಲ, ಎಸೆಯೋದು. ಗಾಳಿಯಲ್ಲೇ ಬಿಚ್ಚಿಕೊಂಡು ಮಡಿಲಿಗೆ ಬಂದು ಬೀಳುತ್ತದೆ. "ನೋಡೋಕೆ ದುಡ್ಡಿಲ್ಲ ಅಕ್ಕ, ನೋಡಿ." ಹತ್ತೇ ನಿಮಿಷದಲ್ಲಿ ಮೊಣಕಾಲುವರೆಗೆ ಸೀರೆ.

ಒಂದು ಸೀರೆ ಎಲ್ಲರಿಗೂ ಹಿಡಿಸಿತು. ಸಣ್ಣ ಬುಟ್ಟಾ, ಎರಡು ಇಂಚಿನ ಜರಿ ಬಾರ್ಡರ್, ಕೈಗೆ ಮೆತ್ತಗೆ. ರೇಟು 780. ಹೊರಗೆ ಇದೇ 1,500 ಅಂತ ಟೀಚರ್ ಮೇಡಂ ಪಿಸುಗುಟ್ಟಿದರು. ಆದರೆ ಸಿಂಗಲ್ ಪೀಸ್ ಕೊಡಲ್ಲ. ಹೋಲ್‌ಸೇಲ್ ಅಂದ್ರೆ ಸೆಟ್ಟು, ಒಂದು ಡಿಸೈನಿಗೆ ಎಂಟು ಕಲರ್, ಎಂಟನ್ನೂ ಎತ್ತಬೇಕು. ಚೆನ್ನಾಗಿರೋ ನಾಲ್ಕು ಕಲರ್ ಓಡುತ್ತೆ, ಉಳಿದ ನಾಲ್ಕನ್ನು ಅದರ ಬೆನ್ನಿಗೆ ಕಟ್ಟಿ ಕಳಿಸುತ್ತಾರೆ. ಗಲ್ಲಾದಲ್ಲಿ ಕೂತಿದ್ದವರು ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಅವರ ಮಾತು ನನಗೆ ಇಷ್ಟವಾಯಿತು.

"ನಾವು ಎಂಟು ಜನ ಸೇರೋಣ" ಅಂದರು ಟೂರ್ ಆಂಟಿ. ಗುಂಪು ಅನ್ನೋದು ನಿಜವಾಗಿ ಕೆಲಸಕ್ಕೆ ಬಂದಿದ್ದು ಇಲ್ಲೇ. ಎಂಟು ಜನ ಸೇರಿದರು. ಏಳು ಜನ ಸೇರಿದರು ಅನ್ನಿ, ಎಂಟನೆಯವಳು ನಾನು, ನನ್ನ ಕೈಯನ್ನು ಅತ್ತೆ ಎತ್ತಿದರು.

6,240 ರೂಪಾಯಿ. ಕ್ಯಾಶ್ ಆದರೆ 6,000. ಎಂಟು ಪರ್ಸುಗಳಿಂದ ಐನೂರು, ನೂರು, ಹತ್ತರ ನೋಟುಗಳು ಗಾದಿ ಮೇಲೆ ಬಂದು ಬಿದ್ದವು. ಆಮೇಲೆ ಕಲರ್ ಹಂಚೋ ಪ್ರಶ್ನೆ. ಮರೂನ್, ರಾಯಲ್ ಬ್ಲೂ, ಬಾಟಲ್ ಗ್ರೀನ್, ರಾಣಿ ಪಿಂಕ್, ಇವಕ್ಕೆ ಎಲ್ಲರೂ ಕೈ ಹಾಕಿದರು. ಸಾಸಿವೆ ಹಳದಿಗೂ ಗಿರಾಕಿ ಸಿಕ್ಕಿದರು. ಮೆಹಂದಿ ಹಸಿರು ಅಂತ ಒಂದಿತ್ತು, ಮೂರು ದಿನದ ಮೆಂತ್ಯ ಸೊಪ್ಪಿನ ಬಣ್ಣ, ಅದರ ಹತ್ತಿರ ಯಾರೂ ಸುಳಿಯಲಿಲ್ಲ. ಸರಿ, ಚೀಟಿ ಎತ್ತೋಣ ಅಂತಾಯಿತು. ತಂಬೋಲ ಕಾಗದದ ಹಿಂದೆ ಕಲರ್ ಬರೆದು, ಮಡಿಸಿ, ಅತ್ತೆ ಗೆದ್ದ ಡಬ್ಬಕ್ಕೇ ಹಾಕಿ ಕುಲುಕಿದರು.

ಮೊದಲು ಟೀಚರ್ ಮೇಡಂ ಎತ್ತಿದರು. ಬಿಚ್ಚಿ ನೋಡಿದರು. "ಅಯ್ಯೋ, ಎರಡು ಬಂದುಬಿಡ್ತು" ಅಂತ ಅದನ್ನು ಮಡಿಸಿ ವಾಪಸ್ ಹಾಕಿ ಇನ್ನೊಂದು ಎತ್ತಿದರು. ಮರೂನ್. ಅವರ ಕೈಯಲ್ಲಿದ್ದಿದ್ದು ಒಂದೇ ಚೀಟಿ, ನಾನು ಪಕ್ಕದಲ್ಲೇ ಕೂತಿದ್ದೆ, 'ಮೆ' ಅನ್ನೋ ಅಕ್ಷರ ಕಂಡಿತ್ತು. ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಹೊಡೀಬೇಡಿ ಅಂತ ಹೇಳಿಕೊಟ್ಟವರು! ಹೇಳಬೇಕು ಅನ್ನಿಸಿತು. ಆದರೆ ಅವರ ಯಜಮಾನರು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಕಂಡಿದೆ ಅಂತ ಗೊತ್ತಾಯಿತು. ಮೆಲ್ಲಗೆ ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿಕೊಂಡರು. ನಾನೂ ಸುಮ್ಮನಾದೆ. ಕೊನೇ ಚೀಟಿ ನನ್ನದು. ಅದರಲ್ಲಿ ಏನಿತ್ತು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

"ನಿನಗೆ ಆ ಬಣ್ಣ ಕೂಡುತ್ತೆ ಕಣೇ" ಅಂದರು ಅತ್ತೆ. ತಾವು ಮಾತ್ರ ಸೀರೆ ತಗೊಳ್ಳಲಿಲ್ಲ. ಕೆಳಗಿಳಿದು ಅರಿಶಿನ ಕುಂಕುಮಕ್ಕೆ ಕೊಡೋಕೆ ಎರಡು ಡಜನ್ ಬ್ಲೌಸ್ ಪೀಸು, ಒಂದು ಕಾಫಿ ಫಿಲ್ಟರ್ ಕೊಂಡರು. ಫಿಲ್ಟರಿಗೆ 40 ರೂಪಾಯಿ ಇಳಿಸೋಕೆ ಒಬ್ಬರೇ ಕಾಲು ಗಂಟೆ ನಿಂತರು. ಗುಂಪು ಬೇಕಾಗಲಿಲ್ಲ.

ವಾಪಸ್ ಬರುವಾಗ ಟಿಟಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಕವರುಗಳ ಮೇಲೆ ಕಾಲು ಚಾಚಿ ಅಂತ್ಯಾಕ್ಷರಿ ಆಡಿದೆವು. ಮನೆ ತಲುಪಿದಾಗ ಒಂಬತ್ತು ದಾಟಿತ್ತು. ಸತ್ಯ ಹೇಳಬೇಕೆಂದರೆ ಅಷ್ಟು ನಕ್ಕು ಎಷ್ಟೋ ದಿನ ಆಗಿತ್ತು.

ಮಂಗಳವಾರ ಸೀರೆ ತಗೊಂಡು ನಮ್ಮ ಬೀದಿಯ ಟೈಲರ್ ಹತ್ತಿರ ಹೋದೆ. ಫಾಲ್ಸು, ಜಿಗ್‌ಜಾಗ್ ಸೇರಿ 130, ಲೈನಿಂಗ್ ಹಾಕಿ ಬ್ಲೌಸ್ ಹೊಲಿಯೋಕೆ 700. 750ರ ಸೀರೆಗೆ 830ರ ಹೊಲಿಗೆ. ಆಕೆ ಸೀರೆ ಬಿಚ್ಚಿ ನೋಡಿ ನಕ್ಕರು. "ಇದೇ ಡಿಸೈನು ಈ ವಾರ ಐದನೇದು ಮೇಡಂ. ಎಲ್ಲರೂ ವರಮಹಾಲಕ್ಷ್ಮಿಗೇ ಬೇಕು ಅಂತಿದ್ದಾರೆ. ಮರೂನು, ಬ್ಲೂ ಎಲ್ಲ ಫಾಲ್ಸು ಖಾಲಿ, ತರಿಸಬೇಕು, ಲೇಟಾಗುತ್ತೆ." ನಂದು ಯಾವಾಗ ಅಂತ ಕೇಳಿದೆ.

"ನಿಮ್ಮದು ನಾಳೆನೇ ಕೊಡ್ತೀನಿ. ಈ ಕಲರ್ ನನ್ನ ಹತ್ರ ಒಂದು ಕಟ್ಟು ಹಂಗೇ ಉಳಿದಿದೆ."