ಕಿರುಗುಟ್ಟುವ ಕುರ್ಚಿಯಲ್ಲಿ ಬ್ಯೂಲಾ ಬಾಂಡಿ

ನಾವಿರುವ ಕಡೆಯಿಂದ ವಾಲ್ಪರೇಜೊ ದೂರವೇನಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಸಣ್ಣ ಊರು, ಪಾಪ್‌ಕಾರ್ನ್ ಹಬ್ಬಕ್ಕೆ ಹೆಸರುವಾಸಿ. ಪೇಟೆ ನಡುವೆ ಮೆಮೋರಿಯಲ್ ಆಪರಾ ಹೌಸ್ ಅಂತ ಹಳೇ ನಾಟಕಶಾಲೆ ಇದೆ. ಹಾಲಿವುಡ್ ನಟಿ ಬ್ಯೂಲಾ ಬಾಂಡಿ ಏಳು ವರ್ಷದವಳಿದ್ದಾಗ ಹುಡುಗನ ವೇಷ ಹಾಕಿ ಮೊದಲು ರಂಗಕ್ಕೆ ಬಂದದ್ದು ಇಲ್ಲೇ. ಹಾಲಿವುಡ್ ಅಂದರೆ ನಮ್ಮ ಕಡೆ ಮೆರಿಲಿನ್ ಮನ್ರೋ, ಆಡ್ರಿ ಹೆಪ್‌ಬರ್ನ್ ಹೆಸರು ಬರುತ್ತದೆಯೇ ಹೊರತು ಈಕೆಯದು ಬರುವುದಿಲ್ಲ. ಬಂದರೂ ನಾಯಕನಟ ಜೇಮ್ಸ್ ಸ್ಟೂವರ್ಟ್‌ನ ತಾಯಿ ಅಂತಲೇ. ನಾಲ್ಕು ಸಿನಿಮಾಗಳಲ್ಲಿ ಅವನಿಗೆ ಅಮ್ಮನಾದವಳು. ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್‌ಗೆ ನಾಯಕಿಯಾಗಿದ್ದ ಪಂಢರಿಬಾಯಿ ಮುಂದೆ ಅವರಿಗೇ ತಾಯಿಯಾದರು. ಬಾಂಡಿಗೆ ನಾಯಕಿಯಾಗುವ ಭಾಗ್ಯವೂ ಇರಲಿಲ್ಲ, ಮೊದಲಿನಿಂದಲೂ ಮುದುಕಿ ಪಾತ್ರಗಳೇ.

ನಾನು ಹೇಳಹೊರಟಿರುವುದು 1937ರ 'ಮೇಕ್ ವೇ ಫಾರ್ ಟುಮಾರೋ' ಬಗ್ಗೆ. ನಿರ್ದೇಶಕ ಲಿಯೋ ಮೆಕ್ಯಾರಿ. ಬ್ಯಾಂಕಿನವರು ಮನೆ ವಶಪಡಿಸಿಕೊಳ್ಳುತ್ತಾರೆ. ಐವರು ಮಕ್ಕಳಲ್ಲಿ ಒಬ್ಬರೂ ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಲು ತಯಾರಿಲ್ಲ. ಅಮ್ಮ ಲೂಸಿ ನ್ಯೂಯಾರ್ಕಿನಲ್ಲಿ ಮಗನ ಮನೆಗೆ, ಅಪ್ಪ ಮಗಳ ಮನೆಗೆ. ವೃದ್ಧಾಪ್ಯ ಪಿಂಚಣಿಗೆ ಅಮೆರಿಕದಲ್ಲಿ 1935ರಲ್ಲೇ ಕಾನೂನಾಗಿತ್ತು, ಆದರೆ ತಿಂಗಳ ದುಡ್ಡು ಕೈಗೆ ಬರಲು ಶುರುವಾದದ್ದು 1940ರಲ್ಲಿ. ಈ ಮುದುಕರಿಗೆ ಮಕ್ಕಳೇ ಗತಿ.

ಬಾಂಡಿಗೆ ಆಗ ಇನ್ನೂ ಐವತ್ತು ತುಂಬಿರಲಿಲ್ಲ, ಪಾತ್ರಕ್ಕೆ ಎಪ್ಪತ್ತು. ಮಗನ ಪಾತ್ರದ ಥಾಮಸ್ ಮಿಚೆಲ್ ಆಕೆಗಿಂತ ಮೂರೇ ವರ್ಷ ಚಿಕ್ಕವನು. ನೋಡುವಾಗ ಇದು ಒಂದು ಕ್ಷಣವೂ ನೆನಪಾಗುವುದಿಲ್ಲ.

ಸೊಸೆ ಮನೆಯಲ್ಲೇ ಬ್ರಿಜ್ ಇಸ್ಪೀಟಾಟದ ಕ್ಲಾಸ್ ನಡೆಸುತ್ತಾಳೆ, ಅದರಿಂದ ನಾಲ್ಕು ಕಾಸು ಸಂಪಾದನೆ. ಸೂಟು ಬೂಟಿನ ಜನ ಎಲೆ ಹಿಡಿದು ಕೂತಿದ್ದಾರೆ. ಲೂಸಿ ತನ್ನ ತೂಗುಕುರ್ಚಿ ತಂದು ಅಲ್ಲೇ ಪಕ್ಕದಲ್ಲಿ ಕೂರುತ್ತಾಳೆ. ಕುರ್ಚಿ ಕಿರ್ರ್ ಕಿರ್ರ್ ಅನ್ನುತ್ತದೆ. ಎಲ್ಲರೂ ತಿರುಗಿ ನೋಡುತ್ತಾರೆ. ನಮ್ಮ ಸಿನಿಮಾದ ಅಮ್ಮಂದಿರಾದರೆ ಇಷ್ಟು ಹೊತ್ತಿಗೆ ಸೆರಗು ಕಣ್ಣಿಗೆ ಹೋಗಿರುತ್ತಿತ್ತು. ಬಾಂಡಿ ಹಾಗೆ ಮಾಡುವುದಿಲ್ಲ. ಆಕೆಯ ಲೂಸಿ ನಿಜಕ್ಕೂ ಕಿರಿಕಿರಿಯ ಹೆಂಗಸು. ಬಂದವರ ಮಧ್ಯೆ ಮೂಗು ತೂರಿಸುತ್ತಾಳೆ, ಕಳಿಸಿದರೂ ಹೋಗುವುದಿಲ್ಲ.

ನಮ್ಮಮ್ಮ ಆರು ತಿಂಗಳ ವೀಸಾದಲ್ಲಿ ಬಂದಿದ್ದಾಗ ಲೈಬ್ರರಿಯಿಂದ ಡಿವಿಡಿ ತಂದು ಹಾಕಿದ್ದೆ. ಈ ದೃಶ್ಯಕ್ಕೆ ಅಮ್ಮ, "ಸೊಸೇದೇನು ತಪ್ಪಿದೆ ಬಿಡು, ಅಷ್ಟು ಜನ ಕೂತಿರೋವಾಗ ಹೀಗೆ ಮಾಡಿದ್ರೆ ಯಾರಿಗೆ ಸಿಟ್ಟು ಬರಲ್ಲ?" ಅಂದರು. ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಅಷ್ಟರಲ್ಲಿ ಗಂಡನ ಫೋನ್ ಬರುತ್ತದೆ. ಟ್ರಂಕ್ ಕಾಲ್ ಕಾಲದವರ ಅಭ್ಯಾಸ ನಿಮಗೆ ಗೊತ್ತಲ್ಲ, ಲೂಸಿಯೂ ಕಿರುಚಿಯೇ ಮಾತಾಡುತ್ತಾಳೆ. ಚಳಿ ಇದೆ, ಬೆಚ್ಚಗಿರಿ, ಇಷ್ಟು ದುಡ್ಡು ಫೋನಿಗೆ ಸುರಿಯುವ ಬದಲು ಒಂದು ಮಫ್ಲರ್ ಕೊಳ್ಳಬಹುದಿತ್ತಲ್ಲ. ಇಷ್ಟೇ ಮಾತು. ಎಲೆ ಹಿಡಿದವರು ಒಬ್ಬೊಬ್ಬರಾಗಿ ಸುಮ್ಮನಾಗುತ್ತಾರೆ. ಐದು ನಿಮಿಷದ ಹಿಂದೆ ಅವಳನ್ನು ನೋಡಿ ಸಿಡುಕಿದ್ದು ನಾವೂ ಹೌದಾದ್ದರಿಂದ ನಮಗೂ ಅದು ತಟ್ಟುತ್ತದೆ. ಮೊದಲೇ ಅನುಕಂಪ ಗಿಟ್ಟಿಸಿಕೊಂಡಿದ್ದರೆ ಈ ಪೆಟ್ಟು ಬೀಳುತ್ತಿರಲಿಲ್ಲ.

ಮುಂದೆ ವೃದ್ಧಾಶ್ರಮದಿಂದ ಬಂದ ಕಾಗದ ಲೂಸಿಯ ಕಣ್ಣಿಗೆ ಬೀಳುತ್ತದೆ. ಮಗ ಹೇಳಲಾರದೆ ತಡವರಿಸುತ್ತಾ ಬಂದು ಕೂತಾಗ, ಅವನು ಬಾಯಿ ಬಿಡುವ ಮುಂಚೆ ತಾನೇ, ನನಗೆ ಆಶ್ರಮಕ್ಕೆ ಹೋಗಬೇಕು ಅನಿಸಿದೆ ಅಂದುಬಿಡುತ್ತಾಳೆ. ಅಪ್ಪನಿಗೆ ಮಾತ್ರ ತಿಳಿಯಬಾರದು, ಅದೊಂದೇ ಷರತ್ತು. ಮಗನ ಮಾನ ಉಳಿಸಲು ಅವಳು ಆಡುತ್ತಿರುವ ನಾಟಕ ಅದು ಅಂತ ಅವನಿಗೂ ಗೊತ್ತು. ಬಾಂಡಿ ದನಿ ಎಲ್ಲೂ ಒಡೆಯಗೊಡುವುದಿಲ್ಲ. ತ್ಯಾಗಮಯಿ ಅಂತ ತೋರಿಸಿಕೊಳ್ಳಲು ಎಷ್ಟು ಸಲೀಸಾದ ಜಾಗ ಅದು! ಆಕೆ ಆ ಕಡೆಗೆ ತಲೆ ಹಾಕಿಯೂ ಮಲಗುವುದಿಲ್ಲ.

ಕೊನೆಯಲ್ಲಿ ಗಂಡ ಹೆಂಡತಿಗೆ ನ್ಯೂಯಾರ್ಕಿನಲ್ಲಿ ಕೆಲವು ಗಂಟೆ ಸಿಗುತ್ತದೆ, ಐವತ್ತು ವರ್ಷದ ಹಿಂದೆ ಮದುವೆಯಾಗಿ ಇಳಿದಿದ್ದ ಹೋಟೆಲಿಗೇ ಹೋಗುತ್ತಾರೆ. ಗಂಡ ಮುತ್ತು ಕೊಡಲು ಬಾಗಿದಾಗ ಲೂಸಿ ತಟ್ಟನೆ ನಮ್ಮ ಕಡೆ, ಅಂದರೆ ಕ್ಯಾಮೆರಾ ಕಡೆ, ನೋಡಿ ನಾಚಿ ಹಿಂದೆ ಸರಿಯುತ್ತಾಳೆ. ಎಪ್ಪತ್ತರ ಹೆಂಗಸಿನ ನಾಚಿಕೆ ನಗು ಬರಿಸದ ಹಾಗೆ ಮಾಡುವುದು ಕಷ್ಟ. ಇಲ್ಲಿ ನಾವೇ ಮುಖ ತಿರುಗಿಸಬೇಕು ಅನಿಸುತ್ತದೆ.

ಆ ವರ್ಷದ ಆಸ್ಕರ್ ನಾಮನಿರ್ದೇಶನದ ಪಟ್ಟಿಯಲ್ಲಿ ಬಾಂಡಿ ಹೆಸರೇ ಇಲ್ಲ. ಅದರ ಹಿಂದಿನ ಮತ್ತು ಮುಂದಿನ ವರ್ಷದ ಚಿತ್ರಗಳಿಗೆ ಪೋಷಕ ನಟಿಯಾಗಿ ಹೆಸರು ಬಂತು, ಪ್ರಶಸ್ತಿ ಬರಲಿಲ್ಲ. ಮೆಕ್ಯಾರಿಗೆ ಅದೇ ವರ್ಷ ಬೇರೆ ಸಿನಿಮಾಕ್ಕೆ ಆಸ್ಕರ್ ಸಿಕ್ಕಿತು. ತಪ್ಪು ಚಿತ್ರಕ್ಕೆ ಕೊಟ್ಟಿದ್ದೀರಿ ಅಂತ ವೇದಿಕೆಯಲ್ಲೇ ಹೇಳಿದನಂತೆ. ಬಾಂಡಿಗೆ ಎಮ್ಮಿ ಬಂದದ್ದು 1977ರಲ್ಲಿ, ಟಿವಿ ಧಾರಾವಾಹಿಯೊಂದಕ್ಕೆ, ವಯಸ್ಸು ತೊಂಬತ್ತರ ಹತ್ತಿರ ಬಂದಾಗ. ಆಗ ಮೇಕಪ್ ಬೇಕಾಗಿರಲಿಕ್ಕಿಲ್ಲ.