ಡಾಂಬರ್ ಗುಳಿಗೆಗೆ ಗೆದ್ದಲು ಹೆದರುವುದಿಲ್ಲ

ಕಪಾಟಿನೊಳಗೆ ಒಂದು ಹಿಡಿ ಡಾಂಬರ್ ಗುಳಿಗೆ ಎಸೆದು ಬಾಗಿಲು ಹಾಕಿದರೆ ಪುಸ್ತಕ ಉಳೀತು ಅಂದುಕೊಳ್ಳುವವರೇ ಜಾಸ್ತಿ. ತಿಂದ ಹುಳ ಯಾವುದು ಅಂತ ನೋಡದೆ ಮದ್ದು ಇಟ್ಟರೆ ದುಡ್ಡು ದಂಡ.

ಗುರುತು ಹಿಡಿಯುವುದು ಕಷ್ಟವಲ್ಲ. ರಟ್ಟಿನ ಬಟ್ಟೆ ಕೆರೆದಂತಾಗಿ, ಹಾಳೆ ಅಲ್ಲಲ್ಲಿ ತೆಳ್ಳಗಾಗಿದ್ದರೆ ಸಿಲ್ವರ್‌ಫಿಶ್. ಪುಸ್ತಕ ಬಿಚ್ಚಿದೊಡನೆ ಸರಕ್ಕನೆ ಜಾರುವ ಬೆಳ್ಳಿಬಣ್ಣದ ಹುಳ. ಹಾಳೆಯಿಂದ ಹಾಳೆಗೆ 1–2 ಮಿ.ಮೀ. ದುಂಡು ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಜೀರುಂಡೆ ಜಾತಿಯ ಮರಿಹುಳ. ಹೊರಗೆ ರಟ್ಟು ನೆಟ್ಟಗಿದ್ದು, ಎತ್ತಿದರೆ ಒಳಗೆ ಮಣ್ಣು ಉದುರಿದರೆ ಗೆದ್ದಲು.

ಚಿತ್ರದುರ್ಗದ ಕಡೆ ಹಳೇ ಮಾಳಿಗೆ ಮನೆಗಳಲ್ಲಿ ಗೋಡೆಯ ಗೂಡಿನಲ್ಲೇ ಪುಸ್ತಕ ಜೋಡಿಸಿರುತ್ತಾರೆ. ಗೆದ್ದಲಿಗೆ ಊಟ ಬಡಿಸಿಟ್ಟಂತೆ. ಅದು ನೆಲದಿಂದ ಗೋಡೆ ಹಿಡಿದು ಬರುತ್ತದೆ. ಕಬ್ಬಿಣದ ಬೀರುವಾದರೂ ಗೋಡೆಗೆ ಒತ್ತಿಕೊಂಡಿದ್ದರೆ ಹಿಂದಿನ ಸಂದಿಯಲ್ಲಿ ನುಗ್ಗುತ್ತದೆ. ನಾಲ್ಕು ಇಂಚು ಜಾಗ ಬಿಡಿ, ತಿಂಗಳಿಗೊಮ್ಮೆ ಟಾರ್ಚ್ ಹಾಯಿಸಿ. ಮಣ್ಣಿನ ಗೆರೆ ಕಂಡರೆ ಒಂದು ಗೇಣು ಕೆರೆದು ಎರಡು ದಿನ ಬಿಟ್ಟು ನೋಡಿ. ಹಸಿ ಮಣ್ಣಿನಲ್ಲಿ ಮತ್ತೆ ಕಟ್ಟಿದ್ದರೆ ಹಾದಿ ಜೀವಂತ. ಕಟ್ಟದಿದ್ದರೆ ಸತ್ತವೆಂದಲ್ಲ, ಬೇರೆ ಕಡೆ ತಿರುಗಿರಬಹುದು. ಮದ್ದು ಬೀಳಬೇಕಾದ್ದು ಗೋಡೆ ಮತ್ತು ನೆಲ ಕೂಡುವ ಜಾಗದಲ್ಲಿ: 30 ಸೆಂ.ಮೀ.ಗೊಂದರಂತೆ 12 ಮಿ.ಮೀ. ತೂತು ಕೊರೆದು, ಗೆದ್ದಲು ಮದ್ದು ತುಂಬಿ, ಸಿಮೆಂಟಿನಿಂದ ಮುಚ್ಚಬೇಕು. ಪುಸ್ತಕದ ಮೇಲೆ ಸಿಂಪಡಿಸುವುದು ಶುದ್ಧ ದಡ್ಡತನ.

ಡಾಂಬರ್ ಗುಳಿಗೆ ಕೆಲಸ ಮಾಡುವುದು ಅದರ ಆವಿಯಿಂದ, ಅದೂ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ. ತೆರೆದ ಶೆಲ್ಫಿನಲ್ಲಿ ಬರೀ ವಾಸನೆ. ಜೊತೆಗೆ ಕರ್ಪೂರವನ್ನೂ ಸೇರಿಸುವವರಿದ್ದಾರೆ. ಬಿಡಿಯಾಗಿ ಎರಡೂ ನಮ್ಮ ಬಿಸಿಲಿಗೆ ಕರಗುವುದಿಲ್ಲ. ಒಂದಕ್ಕೊಂದು ತಾಗಿದರೆ ಮಾತ್ರ 32 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತವೆ. ದಾವಣಗೆರೆಯ ಏಪ್ರಿಲ್ ಸೆಖೆಗೆ ಅಷ್ಟು ಸಾಕು, ಹಾಳೆಗೆ ಎಣ್ಣೆ ಹತ್ತಿದಂಥ ಕಲೆ ಕೂತಿರುತ್ತದೆ. ಹಸುಗೂಸಿರುವ ಕೋಣೆಯಲ್ಲಂತೂ ಈ ಗುಳಿಗೆ ಬೇಡವೇ ಬೇಡ. ಕೆಲವು ಮಕ್ಕಳಿಗೆ ಇದರ ಆವಿಯಿಂದ ರಕ್ತಕಣ ಒಡೆದು ಕಾಮಾಲೆಯಾಗುತ್ತದೆ. ಬೇವು ಇಡುವುದಾದರೆ ಗರಿಗರಿ ಒಣಗಿದ್ದನ್ನೇ ಇಡಿ. ಯುಗಾದಿಯಲ್ಲಿ ಉಳಿದ ಹಸಿ ಸೊಪ್ಪು ತುರುಕಿದರೆ ತೇವ ಸೇರುತ್ತದೆ, ಸಿಲ್ವರ್‌ಫಿಶ್‌ಗೆ ಬೇಕಾದದ್ದೇ ತೇವ.

ತೂತು ಕೊರೆಯುವ ಮರಿಹುಳಕ್ಕೆ ಚಳಿಯೇ ಮದ್ದು. ಪುಸ್ತಕವನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಗೆ ಟೇಪ್ ಸುತ್ತಿ. ಮೈನಸ್ 18 ಡಿಗ್ರಿ ಹಿಡಿಯುವ ಡೀಪ್ ಫ್ರೀಜರಿನಲ್ಲಿ ಎರಡು ವಾರ. ಸಿಂಗಲ್ ಡೋರ್ ಫ್ರಿಜ್ಜಿನ ಐಸ್ ಡಬ್ಬಿ ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಕರೆಂಟು ಹೋಗಿ ಫ್ರೀಜರ್ ಕರಗಿತೋ, ಲೆಕ್ಕ ಮೊದಲಿನಿಂದ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ನೀರಹನಿ ಚೀಲದ ಹೊರಗೇ ಕೂತು ಆರಬೇಕು, ಅವಸರಕ್ಕೆ ಬಿಚ್ಚಿದರೆ ಅದೇ ಹನಿ ಹಾಳೆಗಿಳಿಯುತ್ತದೆ.

ಪುಸ್ತಕದ ಹರಿದ ಬೆನ್ನು ಅಂಟಿಸಲು ಮೈದಾ ಕುದಿಸುವವರು, ಅಂಟಿಗೆ ಹುಳ ಬೀಳದಂತೆ ಒಂದು ಚಿಟಿಕೆ ಮೈಲುತುತ್ತ ಸೇರಿಸಿ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣಕ್ಕೆ ಬಳಸುವುದೂ ಇದನ್ನೇ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ವಿಷ, ಅಡುಗೆ ಪಾತ್ರೆಯಲ್ಲಿ ಕಲಸಬೇಡಿ.