ವೀಲ್‌ಚೇರ್ ಕೊಡಿಸುವ ಮುನ್ನ ಟೇಪು ಹಿಡಿಯಿರಿ

ಸೆರೆಬ್ರಲ್ ಪಾಲ್ಸಿ (ಸಿ.ಪಿ.; ಮಿದುಳಿನ ಹಾನಿಯಿಂದ ಮೈಯ ಚಲನೆ, ಭಂಗಿ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಗುವಿಗೆ ವೀಲ್‌ಚೇರ್ ಕೊಡಿಸಲು ಹೊರಟ ದಾನಿಗಳು ಹೆಚ್ಚಾಗಿ ಅಂಗಡಿಯ ಮಡಚುವ ಕುರ್ಚಿಯನ್ನೇ ತರುತ್ತಾರೆ. ಅದರ ಸೀಟು ಸುಮಾರು 18 ಇಂಚು ಅಗಲ, ದೊಡ್ಡವರ ಅಳತೆ. ಆರು ವರ್ಷದ ಮಗುವಿನ ಸೊಂಟ ಅದರ ಅರ್ಧದಷ್ಟು. ಮಗು ಒಂದು ಪಕ್ಕಕ್ಕೆ ವಾಲುತ್ತದೆ, ಜೋಲುವ ಸೀಟಿನಲ್ಲಿ ತೊಡೆಗಳು ಒಳಕ್ಕೆ ಕೂಡಿಕೊಳ್ಳುತ್ತವೆ. ಫೋಟೋಗೇನೋ ಚೆನ್ನಾಗಿರುತ್ತದೆ.

ಅಳೆಯುವಾಗ ಮಗುವನ್ನು ಗಟ್ಟಿ ಬೆಂಚಿನ ಮೇಲೆ ಕೂರಿಸಿ, ಒಬ್ಬರು ಸೊಂಟ ನೇರವಾಗಿ ಹಿಡಿದಿರಬೇಕು. ಸೊಂಟದ ಅಗಲಕ್ಕೆ ಒಂದು ಇಂಚಿಗಿಂತ ಹೆಚ್ಚು ಸೇರಿಸಬೇಡಿ. 'ಬೆಳೆಯುವ ಮಗು' ಎಂದು ದೊಡ್ಡದು ತರಲು ಇದು ಸ್ಕೂಲ್ ಯೂನಿಫಾರ್ಮ್ ಅಲ್ಲ. ಪೃಷ್ಠದ ಹಿಂಭಾಗದಿಂದ ಮೊಣಕಾಲ ಹಿಂಬದಿಯವರೆಗೆ ಅಳೆದು 3ರಿಂದ 5 ಸೆಂ.ಮೀ. ಕಳೆದರೆ ಸೀಟಿನ ಆಳ ಸಿಗುತ್ತದೆ. ಆಳ ಜಾಸ್ತಿಯಾದರೆ ಬೆನ್ನು ಕುರ್ಚಿಯ ಹಿಂಬದಿಗೆ ತಾಗದೆ ಮಗು ಮುಂದಕ್ಕೆ ಜಾರುತ್ತದೆ. ಪಾದಗಳು ಫುಟ್‌ರೆಸ್ಟ್ ಮೇಲೆ ಪೂರ್ತಿ ಊರಬೇಕು.

ಬೆಲ್ಟ್ ಹೊಟ್ಟೆಗಲ್ಲ, ಸೊಂಟದ ಮೂಳೆಗಳ ಕೆಳಗೆ, ಸೀಟಿಗೆ ಸುಮಾರು 45 ಡಿಗ್ರಿ ಓರೆಯಾಗಿ ಬರಬೇಕು. ಬೆಲ್ಟ್ ಇಲ್ಲವೆಂದು ಎದೆಗೆ ಸೀರೆ ತುಂಡು ಕಟ್ಟುವುದು ಅಪಾಯ: ಮಗು ಜಾರಿದರೆ ಅದು ಕೊರಳಿಗೆ ಬಿಗಿಯುತ್ತದೆ. ಊಟದ ಹೊತ್ತಿಗೆ ತಲೆ ಹಿಂದಕ್ಕೆ ಬಿದ್ದಿದ್ದರೆ ಗಂಜಿ ಶ್ವಾಸನಾಳಕ್ಕೆ ಹೋಗಬಹುದು; ಗದ್ದ ತುಸು ತಗ್ಗಿರಲಿ.

ಕುರ್ಚಿಯ ದುಡ್ಡಿಗೆ ಮೊದಲು ಕೇಂದ್ರ ಸರ್ಕಾರದ ಅಡಿಪ್ (ಅಂಗವಿಕಲರಿಗೆ ಸಲಕರಣೆ ಕೊಡಿಸುವ) ಯೋಜನೆ ನೋಡಿ. ಕುಟುಂಬದ ತಿಂಗಳ ಆದಾಯ 22,500 ರೂಪಾಯಿ ದಾಟದಿದ್ದರೆ ಸಲಕರಣೆಗೆ ಪೂರ್ತಿ ನೆರವು, 30,000ದವರೆಗೆ ಅರ್ಧ. ಕಾನ್ಪುರದ ಸರ್ಕಾರಿ ಸಲಕರಣೆ ಕಾರ್ಖಾನೆ ಅಲಿಮ್ಕೊ ಸಿ.ಪಿ. ಮಕ್ಕಳ ಕುರ್ಚಿಯನ್ನೇ ತಯಾರಿಸುತ್ತದೆ. ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ, ಎ.ಪಿ.ಡಿ. (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಯಂಥ ಸಂಸ್ಥೆಗಳನ್ನು ವಿಚಾರಿಸಬಹುದು.

ದಾನಿಗಳ ಹಣ ನಿಜಕ್ಕೂ ಬೇಕಾಗುವುದು ಆಮೇಲಿನ ಖರ್ಚಿಗೆ: ಆರು ತಿಂಗಳಿಗೊಮ್ಮೆ ಅಳತೆ ತಿದ್ದಿಸಲು ಬಸ್ ಚಾರ್ಜು, ಅವತ್ತು ಅಮ್ಮ ಕಳೆದುಕೊಳ್ಳುವ ಕೂಲಿ, ಚಪ್ಪಟೆಯಾದ ಫೋಮ್, ಪಂಕ್ಚರ್ ಆದ ಟ್ಯೂಬು. ಹೊಸ್ತಿಲನ್ನೂ ನೋಡಿಕೊಂಡು ಬನ್ನಿ. ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು ಬೇಕು. ಅಷ್ಟು ಜಾಗ ಮನೆ ಮುಂದೆ ಇಲ್ಲದಿದ್ದರೆ ಕುರ್ಚಿ ಒಳಗೇ ಉಳಿದು ಬಟ್ಟೆ ಒಣಹಾಕಲು ಬಳಕೆಯಾಗುತ್ತದೆ.